ನಾಲಗೆಯ ವಾದ್ಯ, ತುಟಿಯ ವಾದ್ಯ

ಊದುವ ವಾದ್ಯಗಳನ್ನು ಹಿತ್ತಾಳೆಯವು, ಮರದವು ಎಂದು ಎರಡಾಗಿ ಬೇರ್ಪಡಿಸುವ ರೂಢಿ ಪಾಶ್ಚಾತ್ಯ ವಾದ್ಯವೃಂದಗಳಿಂದ ಬಂದದ್ದು. ಭಾರತೀಯ ಶಾಸ್ತ್ರಗ್ರಂಥಗಳಲ್ಲಿ ಅಂಥ ಗೆರೆ ಕಾಣುವುದಿಲ್ಲ. ಭರತನ ನಾಟ್ಯಶಾಸ್ತ್ರವು ವಾದ್ಯಗಳನ್ನು ತಂತಿಯಿರುವ ತತ, ಚರ್ಮ ಹೊದಿಸಿದ ಅವನದ್ಧ, ತಾಳದಂಥ ಘನ, ಗಾಳಿಯಿಂದ ನುಡಿಯುವ ಸುಷಿರ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಕೊಳಲನ್ನೂ ಶಂಖವನ್ನೂ ಸುಷಿರವೆಂಬ ಒಂದೇ ಗುಂಪಿನಲ್ಲಿ ಇರಿಸುತ್ತದೆ. ಈ ಲೇಖಕನ ತಾಲೂಕಾದ, ಕಲಬುರಗಿ ಜಿಲ್ಲೆಯ ಆಳಂದದ ಈಶಾನ್ಯಕ್ಕಿರುವ ಇಂದಿನ ಬಸವಕಲ್ಯಾಣದಿಂದ ರಾಜ್ಯವಾಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ವಾದ್ಯಗಳ ವಿಚಾರ ವಿಸ್ತಾರವಾಗಿ ಬರುವುದರಿಂದ, ಈ ಸೀಮೆಗೆ ವಾದ್ಯಗಳನ್ನು ಕುರಿತು ಯೋಚಿಸುವುದು ಹೊಸದೇನಲ್ಲ. ಆದರೆ ಮರದ ಸನಾದಿಯನ್ನೂ ಹಿತ್ತಾಳೆಯ ಟ್ರಂಪೆಟ್ಟನ್ನೂ ಒಂದೇ ಕಾಲದಲ್ಲಿ ಕಲಿಯಲು ಹೊರಟವನಿಗೆ ಇವೆರಡೂ ಸುಷಿರವಾದ್ಯಗಳೇ ಎಂಬ ಮಾತು ಸಮಾಧಾನ ಕೊಡುವುದಿಲ್ಲ, ಏಕೆಂದರೆ ಗ್ರಂಥ ಒಂದು ಮಾಡಿದ್ದನ್ನು ಅವನ ತುಟಿ ಮೊದಲ ದಿನವೇ ಎರಡು ಮಾಡಿಬಿಡುತ್ತದೆ.

ಭೇದವಿರುವುದು ಲೋಹ ಮತ್ತು ಮರಗಳ ನಡುವೆ ಅಲ್ಲ, ಗಾಳಿಯನ್ನು ನಡುಗಿಸುವ ಸಾಧನದಲ್ಲಿ. ಸನಾದಿಯಲ್ಲಿ ಒಣಹುಲ್ಲಿನ ಅಥವಾ ಓಲೆಯ ಎರಡು ತೆಳು ಪದರಗಳನ್ನು ಒಂದರ ಮೇಲೊಂದು ಕಟ್ಟಿ ಮಾಡಿದ, ವಾದಕರು ಪತ್ತಿ ಎಂದು ಕರೆಯುವ ಪುಟ್ಟ ನಾಲಗೆ ನಡುಗುತ್ತದೆ. ಟ್ರಂಪೆಟ್ಟಿನಲ್ಲಿ ಅಂಥ ನಾಲಗೆಯೇ ಇಲ್ಲದ ಕಾರಣ, ಬಟ್ಟಲಿನಾಕಾರದ ಮೌತ್‌ಪೀಸಿಗೆ ಒತ್ತಿಹಿಡಿದ ಊದುವವನ ತುಟಿಗಳೇ ಆ ಕೆಲಸವನ್ನು ಮಾಡಬೇಕಾಗುತ್ತದೆ. ಎರಿಕ್ ಫಾನ್ ಹಾರ್ನ್‌ಬೋಸ್ಟೆಲ್ ಮತ್ತು ಕುರ್ಟ್ ಜಾಕ್ಸ್ ಎಂಬ ವಿದ್ವಾಂಸರು 1914ರಲ್ಲಿ ಪ್ರಕಟಿಸಿದ ವಾದ್ಯ ವರ್ಗೀಕರಣ ನಿಂತಿರುವುದು ಈ ತತ್ತ್ವದ ಮೇಲೆಯೇ. ಆ ಲೆಕ್ಕದಲ್ಲಿ ಮೈಯೆಲ್ಲ ಹಿತ್ತಾಳೆಯಾಗಿದ್ದರೂ ನಾಲಗೆಯಿಂದ ನುಡಿಯುವ ಸ್ಯಾಕ್ಸೊಫೋನು ಸನಾದಿಯ ಕಡೆಗೆ ಸೇರುತ್ತದೆ. ದಾಸಯ್ಯನು ಮನೆಮನೆಯ ಮುಂದೆ ಊದುವ ಶಂಖ, ಲೋಹದ ಒಂದು ಚೂರೂ ಇಲ್ಲದಿದ್ದರೂ, ಕೊಂಬು ಕಹಳೆಗಳ ಜೊತೆಗೆ ಟ್ರಂಪೆಟ್ಟಿನ ಬಳಗಕ್ಕೆ ಸೇರುತ್ತದೆ. ನಾಗಸ್ವರ ವಾದಕರ ಮಗನಾಗಿ ಹುಟ್ಟಿ, ಬಾಲ್ಯದಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಅದನ್ನೇ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕದ್ರಿ ಗೋಪಾಲನಾಥರ ಸಾಧನೆಯನ್ನು ಮರದಿಂದ ಲೋಹಕ್ಕೆ ಹಾರಿದ ಸಾಹಸವೆಂದು ವರ್ಣಿಸುವುದುಂಟು. ಆದರೆ ಅವರು ನಾಲಗೆಯ ವಾದ್ಯಗಳ ಬಳಗವನ್ನು ಬಿಟ್ಟು ಹೊರಗೆ ಹೋಗಿರಲಿಲ್ಲ ಎಂಬುದನ್ನು ನೆನಪಿನಲ್ಲಿ ಇಟ್ಟುಕೊಂಡರೆ ಅವರ ಸಾಧನೆ ಕಿರಿದಾಗದೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಈ ಬರಹದ ವಿಷಯವಾದ ಕಲಿಕೆಯಾದರೋ ಆ ಗೆರೆಯನ್ನು ದಾಟಿ, ಮತ್ತೆ ಪ್ರತಿದಿನವೂ ಹಿಂದಕ್ಕೆ ಬಂದ ಕಲಿಕೆ.

ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ, 1980ರ ದಶಕದ ಮೊದಲ ವರ್ಷಗಳಲ್ಲಿ, ಈ ಲೇಖಕನು ಸನಾದಿಯನ್ನು ಕಲಿತದ್ದು ಮನೆಯ ಹಿರಿಯರಾದ ಮುತ್ಯಾನಿಂದ. ಕಲಬುರಗಿ ಸೀಮೆಯಲ್ಲಿ ಮುತ್ಯಾ ಎಂದರೆ ಅಜ್ಜ. ಮರಾಠಿಯ ಸನಈ, ಹಿಂದುಸ್ತಾನದ ಶಹನಾಯಿ, ಕನ್ನಡದ ಸನಾದಿ ಇವು ಒಂದೇ ವಾದ್ಯದ ಹೆಸರುಗಳು: ಮೇಲೆ ಕಿರಿದಾಗಿದ್ದು ಕೆಳಗೆ ಅಗಲವಾಗುತ್ತ ಹೋಗುವ ಮರದ ಕೊಳವೆ, ಅದರ ತುದಿಗೆ ದತ್ತೂರಿ ಹೂವಿನಂತೆ ಅರಳಿದ ಲೋಹದ ಬಾಯಿ, ಮೇಲ್ಗಡೆ ದಾರದಿಂದ ಸುತ್ತಿ ಕೂರಿಸಿದ ಪತ್ತಿ. ಉತ್ತರ ಕರ್ನಾಟಕದಲ್ಲಿ ಈ ವಾದನ ಬಹುಮಟ್ಟಿಗೆ ಕೊರಮ, ಕೊರವ ಸಮುದಾಯಗಳ ಮನೆತನಗಳ ಕೈಯಲ್ಲಿ ಉಳಿದು ಬಂದಿದ್ದು, ವಾಜಂತ್ರಿ ಅಥವಾ ಬಜಂತ್ರಿ ಎಂಬ ಮಾತು ಕಸುಬಿನ ಹೆಸರಾಗಿಯೂ ಮನೆತನದ ಹೆಸರಾಗಿಯೂ ನಿಂತಿದೆ. ಸುರಗಿಯ ನೀರಿನಿಂದ ಹಿಡಿದು ಅಕ್ಕಿಕಾಳಿನವರೆಗೆ ಮದುವೆಯ ಯಾವ ಶಾಸ್ತ್ರವೂ ಸನಾದಿಯ ನಾದವಿಲ್ಲದೆ ಆರಂಭವಾಗುತ್ತಿರಲಿಲ್ಲವಾದರೂ, ಅದನ್ನು ಊದುವವರ ಜಾಗ ಚಪ್ಪರದ ಅಂಚಿನಲ್ಲಿ, ಹಲವು ಕಡೆ ಅಂಗಳದ ಹೊರಗೇ ಇರುತ್ತಿತ್ತು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಕೃಷ್ಣಮೂರ್ತಿ ಪುರಾಣಿಕರ ಕಥೆಯನ್ನು ಆಧರಿಸಿ 1977ರಲ್ಲಿ ತೆರೆಗೆ ಬಂದ ಸನಾದಿ ಅಪ್ಪಣ್ಣ ಚಿತ್ರದಲ್ಲಿ ರಾಜಕುಮಾರ್ ವಾದಕನ ಪಾತ್ರ ವಹಿಸಿ, ಅದಕ್ಕೆ ಉಸ್ತಾದ್ ಬಿಸ್ಮಿಲ್ಲಾ ಖಾನರೇ ಶಹನಾಯಿ ನುಡಿಸಿದ ಮೇಲೆ, ಸನಾದಿಯವರನ್ನು ನೋಡುವ ಕಣ್ಣುಗಳಲ್ಲಿ ಸ್ವಲ್ಪ ಮರ್ಯಾದೆ ಕೂಡಿಕೊಂಡಿತು. ಮುತ್ಯಾ ಆ ಚಿತ್ರವನ್ನು ಕಲಬುರಗಿಗೆ ಹೋಗಿ ನೋಡಿ ಬಂದು ಬಹಳ ದಿನ ಅದರ ಮಾತನ್ನೇ ಆಡುತ್ತಿದ್ದರು.

ಅವರ ಪಾಠದ ಕ್ರಮ ಕಟ್ಟುನಿಟ್ಟಾಗಿತ್ತು. ಮೊದಲ ಕೆಲವು ತಿಂಗಳು ಕಲಿಯುವವನಿಗೆ ಬೆರಳಾಡಿಸಲು ಅವಕಾಶವಿರಲಿಲ್ಲ. ಮುಖ್ಯ ವಾದಕನ ಹಿಂದೆ ನಿಂತು, ಶ್ರುತಿ ಎಂದು ಕರೆಯುವ ಜೊತೆವಾದ್ಯದಲ್ಲಿ ಷಡ್ಜವೊಂದನ್ನೇ ಬಿಡದೆ ಹಿಡಿದಿರುವುದೇ ಅವನ ಪಾಲಿನ ಕೆಲಸ. ಆ ಒಂದು ಸ್ವರವನ್ನು ಕಡಿಯದಂತೆ ಕಾಪಾಡಲು ಕೆನ್ನೆಗಳಲ್ಲಿ ಗಾಳಿಯನ್ನು ತುಂಬಿಕೊಂಡು, ಅದನ್ನು ಹೊರಗೆ ತಳ್ಳುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರನ್ನು ಎಳೆದುಕೊಳ್ಳುವ ರೂಢಿ ಬೀಳಬೇಕು. ಪತ್ತಿಯನ್ನು ಬಾಯಲ್ಲಿ ನೆನೆಸುವುದು, ಅದರ ಬಾಯಿ ಹೆಚ್ಚು ಬಿಟ್ಟಿದ್ದರೆ ಬೆರಳಿನಿಂದ ಒತ್ತಿ ಮುಚ್ಚುವುದು, ಮುಚ್ಚಿಕೊಂಡಿದ್ದರೆ ಮೆಲ್ಲಗೆ ತೆರೆಯುವುದು, ಶ್ರುತಿ ಏರುಪೇರಾದರೆ ದಾರದ ಸುತ್ತನ್ನು ಹೆಚ್ಚುಕಡಿಮೆ ಮಾಡುವುದು ಅಥವಾ ರಂಧ್ರದ ಅಂಚಿಗೆ ಮೇಣ ಹಚ್ಚುವುದು ಇವೆಲ್ಲ ಆ ಕಾಲದಲ್ಲಿಯೇ ಕೈಗೆ ಹತ್ತಿದವು. ಬೆರಳಿಗೆ ಅನುಮತಿ ಸಿಕ್ಕ ಮೇಲೆಯೂ ಯಾವ ರಾಗದ ಯಾವ ಸಾಲನ್ನೂ ನೇರವಾಗಿ ಊದಲು ಅವರು ಬಿಡುತ್ತಿರಲಿಲ್ಲ. "ಬಾಯಿಲೆ ಹಾಡ್ಲಾಕ ಬರಲಾರದ್ದು ಊದ್ಲಾಕ ಬರಂಗಿಲ್ಲ, ತಮ್ಮಾ" ಎಂಬುದು ಅವರ ನಿತ್ಯದ ಮಾತು. ಹಾಡಿ ತೋರಿಸಿದ ಮೇಲೆಯೇ ವಾದ್ಯ ಕೈಗೆ ಬರುತ್ತಿತ್ತು.

ಟ್ರಂಪೆಟ್ ಬಂದದ್ದು ಹೊಟ್ಟೆಪಾಡಿನ ದಾರಿಯಿಂದ. ಸೇನೆಯ ತುಕಡಿಗಳಲ್ಲಿಯೂ ಸಂಸ್ಥಾನಗಳ ಅರಮನೆಗಳಲ್ಲಿಯೂ ನೆಲೆಯೂರಿದ್ದ ಬ್ಯಾಂಡು ಕಾಲಕ್ರಮದಲ್ಲಿ ಊರೂರಿನ ಮದುವೆ ಮೆರವಣಿಗೆಗೆ ಇಳಿದುಬಂದ ಕಥೆ ಭಾರತದ ಬಹುಪಾಲು ಕಡೆ ಒಂದೇ ಬಗೆಯದು. ಉತ್ತರಪ್ರದೇಶದ ಮೀರತ್ತಿನ ಜಾಲಿ ಕೋಠಿಯಲ್ಲಿ ತಯಾರಾಗುವ ಹಿತ್ತಾಳೆ ವಾದ್ಯಗಳು ದೇಶದ ಮೂಲೆಮೂಲೆಗೆ ಹೋಗುವುದರಿಂದ ಚಿಕ್ಕ ಊರಿನ ತಂಡಕ್ಕೂ ಅವು ಎಟುಕುವಂತಾದವು. 1948ರ ಸೆಪ್ಟೆಂಬರಿನವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರಲ್ಲಿ ಕನ್ನಡನಾಡಿಗೆ ಸೇರಿದ ಕಲಬುರಗಿ ಜಿಲ್ಲೆಯಲ್ಲಿ ಹೈದರಾಬಾದಿನ ರುಚಿಯೂ ಗಡಿಯಾಚೆಯ ಸೊಲ್ಲಾಪುರದ ರುಚಿಯೂ ಬ್ಯಾಂಡಿನಲ್ಲಿ ಬೆರೆತಿದ್ದವು. ಕ್ಲಾರಿನೆಟ್, ಟ್ರಂಪೆಟ್, ಯೂಫೋನಿಯಮ್, ದೊಡ್ಡ ಡ್ರಮ್ಮು, ಪಕ್ಕದ ಡ್ರಮ್ಮು ಇವು ಅಂಥ ತಂಡದ ಮುಖ್ಯ ವಾದ್ಯಗಳು. ಸನಾದಿಯ ಮೇಳ ದಿನವೊಂದಕ್ಕೆ ಪಡೆಯುತ್ತಿದ್ದುದಕ್ಕಿಂತ ಬ್ಯಾಂಡಿನವರ ಗಳಿಕೆ ಹೆಚ್ಚಿದ್ದುದರಿಂದಲೂ, ಆಳಂದದ ಕಡೆಯ ಒಂದು ತಂಡಕ್ಕೆ ಟ್ರಂಪೆಟ್ ಊದುವವರ ಕೊರತೆ ಬಿದ್ದಿದ್ದರಿಂದಲೂ, ಸನಾದಿ ಬಲ್ಲ ಹುಡುಗನಿಗೆ ಇದೇನು ಕಷ್ಟವಾದೀತೆಂಬ ನಂಬಿಕೆಯಿಂದ ಬ್ಯಾಂಡಿನ ಮಾಸ್ತರರು ಆ ವಾದ್ಯವನ್ನು ಈ ಲೇಖಕನ ಕೈಗೆ ಕೊಟ್ಟರು. ಆ ನಂಬಿಕೆ ಒಂದು ವರ್ಷದ ಮಟ್ಟಿಗೆ ಸುಳ್ಳಾಯಿತು.

ಮೊದಲ ತೊಡಕು ಕೆನ್ನೆಯದು. ಸನಾದಿಯಲ್ಲಿ ಉಬ್ಬಿದ ಕೆನ್ನೆ ಗಾಳಿಯ ಚೀಲವಿದ್ದಂತೆ. ಅದಿಲ್ಲದೆ ಸ್ವರವನ್ನು ಕಡಿಯದೆ ಹಿಡಿಯಲಾಗದು. ಟ್ರಂಪೆಟ್ಟಿನಲ್ಲಾದರೋ ಕೆನ್ನೆ ಉಬ್ಬಿದೊಡನೆ ತುಟಿಯ ಅಂಚುಗಳ ಬಿಗಿ ಸಡಿಲವಾಗಿ, ಮೇಲಿನ ಸ್ವರಗಳು ಕುಸಿದು ಬರಿಯ ಗಾಳಿಯ ಸದ್ದಾಗುತ್ತವೆ. ಆ ಕುಸಿತವನ್ನು ತಡೆಯಲು ಕಲಿಯುವವನು ಮೌತ್‌ಪೀಸನ್ನು ತುಟಿಗೆ ಇನ್ನಷ್ಟು ಒತ್ತಿ ಹಿಡಿಯುತ್ತಾನೆ. ಒತ್ತಿದಷ್ಟೂ ತುಟಿಗೆ ರಕ್ತ ಹರಿಯದೆ ಅದು ಬೇಗ ದಣಿಯುತ್ತದೆ, ಒಡೆಯುತ್ತದೆ, ಬಾತುಕೊಳ್ಳುತ್ತದೆ. ಹಾಗೆ ಬಾತ ತುಟಿಯಿಂದ ಸಂಜೆ ಸನಾದಿ ಹಿಡಿದರೆ, ಪತ್ತಿಯ ಹಗುರವಾದ ನಡುಕವನ್ನು ತಿಳಿಯುವ ಸೂಕ್ಷ್ಮತೆಯೇ ಹೋಗಿರುತ್ತಿತ್ತು. ಮೊದಲ ಹಂಗಾಮಿನಲ್ಲಿ ಹೀಗೆ ಎರಡೂ ವಾದ್ಯಗಳು ಒಟ್ಟಿಗೇ ಕೆಟ್ಟವು, ಮತ್ತು ಮುತ್ಯಾನ ಮುಖ ನೋಡಲು ಈ ಲೇಖಕನಿಗೆ ನಾಚಿಕೆಯಾಗುತ್ತಿತ್ತು. ಪರಿಹಾರ ಸಿಕ್ಕಿದ್ದು ಸರದಿಯನ್ನು ಬದಲಿಸಿದಾಗ: ನಸುಕಿನಲ್ಲಿ, ತುಟಿ ಮೃದುವಾಗಿರುವಾಗ ಸನಾದಿ, ನಡುವೆ ಊಟ ಮತ್ತು ಒಂದು ಗಂಟೆಯ ವಿಶ್ರಾಂತಿ, ಅನಂತರ ಟ್ರಂಪೆಟ್ಟು, ಅದೂ ಮೌತ್‌ಪೀಸನ್ನು ವಾದ್ಯದಿಂದ ಕಳಚಿ ಬರಿಯ ತುಟಿಯಿಂದ ಗುಂಯ್‌ಗುಡಿಸುವ ಅಭ್ಯಾಸದಿಂದಲೇ ಆರಂಭ. ಎರಡನ್ನೂ ಕಲಿಯಬಯಸುವವರು ಇದೊಂದನ್ನು ಪಾಲಿಸಿದರೆ ಒಂದು ವರ್ಷದ ನೋವು ತಪ್ಪುತ್ತದೆ ಎಂದು ಅನುಭವದಿಂದ ಹೇಳಬಹುದು.

ಎರಡನೆಯ ತೊಡಕು ಉಸಿರಿನದು, ಮತ್ತು ಅದು ಮೊದಲನೆಯದಕ್ಕಿಂತ ಆಳವಾದದ್ದು. ಸನಾದಿಯ ಪತ್ತಿಯ ಸಂದು ಬಹಳ ಕಿರಿದು. ಅದರ ಮೂಲಕ ಗಾಳಿ ಹೋಗುವುದು ಸ್ವಲ್ಪವೇ, ಆದರೆ ಅದನ್ನು ದೂಡಲು ಬೇಕಾದ ಒತ್ತಡ ಬಹಳ. ಹೀಗಾಗಿ ಸನಾದಿಯವನಿಗೆ ಉಸಿರು ಸಾಲದೆ ಬರುವುದಕ್ಕಿಂತ ಹೆಚ್ಚಾಗಿ, ಎದೆಯಲ್ಲಿ ಹಳೆಯ ಗಾಳಿ ಹೊರಹೋಗದೆ ಉಳಿದು ಕಟ್ಟಿದಂತಾಗುವ ಸಂಕಟ ಕಾಡುತ್ತದೆ. ಅವನು ಸಾಲಿನ ಕೊನೆಯಲ್ಲಿ ಮೊದಲು ಉಸಿರನ್ನು ಹೊರಚೆಲ್ಲಿ ಬಳಿಕ ಒಳಗೆ ಎಳೆದುಕೊಳ್ಳಬೇಕು. ಟ್ರಂಪೆಟ್ಟಿನಲ್ಲಿ ಗಾಳಿ ಧಾರಾಳವಾಗಿ ಹರಿದು ಎದೆ ಬೇಗ ಬರಿದಾಗುತ್ತದೆ. ಒಂದರಲ್ಲಿ ಕೂಡಿಡಬೇಕು, ಇನ್ನೊಂದರಲ್ಲಿ ಖರ್ಚು ಮಾಡಬೇಕು. ಕಲಬುರಗಿಯ ವಾದಕರು ದಮ್ಮು ಎನ್ನುವುದು ಇದನ್ನೇ. ಒಬ್ಬನಿಗೆ ದಮ್ಮಿದೆ ಎಂದರೆ ಬಹಳ ಹೊತ್ತು ಊದುತ್ತಾನೆ ಎಂದಷ್ಟೇ ಅರ್ಥವಲ್ಲ, ಯಾವ ವಾದ್ಯಕ್ಕೆ ಎಷ್ಟು ಗಾಳಿ ಕೊಡಬೇಕೆಂಬ ಲೆಕ್ಕ ಅವನ ಮೈಗೆ ಹತ್ತಿದೆ ಎಂದು.

ಇದರ ಮೇಲೆ ಬಿಸಿಲು. ಈ ಸೀಮೆಯ ಮದುವೆಯ ಹಂಗಾಮು ತೊಗರಿ, ಜೋಳಗಳ ಸುಗ್ಗಿ ಮುಗಿದ ಮೇಲೆ, ಉಷ್ಣಾಂಶ 40 ಡಿಗ್ರಿ ದಾಟುವ ತಿಂಗಳುಗಳಲ್ಲಿ ಬರುತ್ತದೆ. ಬಿಸಿಗಾಳಿಯಲ್ಲಿ ಶಬ್ದದ ವೇಗ ಹೆಚ್ಚುವುದರಿಂದ ಊದುವ ವಾದ್ಯಗಳೆಲ್ಲವೂ ಶ್ರುತಿಯಲ್ಲಿ ಮೇಲಕ್ಕೆ ಸರಿಯುತ್ತವೆ. ಆದರೆ ಎಲ್ಲವೂ ಒಂದೇ ಅಳತೆಯಲ್ಲಿ ಸರಿಯುವುದಿಲ್ಲ, ಏಕೆಂದರೆ ಬಿಸಿಲಿಗೆ ಕಾದ ಹಿತ್ತಾಳೆ ತನ್ನೊಳಗಿನ ಗಾಳಿಯನ್ನು ಕಾಯಿಸುವಷ್ಟು ಬೇಗ ಮರ ಕಾಯಿಸುವುದಿಲ್ಲ. ಟ್ರಂಪೆಟ್ಟಿನಲ್ಲಿ ಮುಖ್ಯ ಕೊಳವೆಯನ್ನು ಸ್ವಲ್ಪ ಹೊರಗೆಳೆದು ಉದ್ದ ಹೆಚ್ಚಿಸಿದರೆ ಶ್ರುತಿ ಇಳಿಯುತ್ತದೆ. ಸನಾದಿಯಲ್ಲಿ ಮಾತ್ರ ಒಣಗಾಳಿಗೆ ಪತ್ತಿ ನಿಮಿಷಗಳಲ್ಲಿ ಬಿರುಸಾಗುವುದರಿಂದ, ಮುತ್ಯಾ ಕೊರಳಿಗೆ ಕಟ್ಟಿಕೊಂಡ ದಾರದಲ್ಲಿ ನಾಲ್ಕೈದು ಪತ್ತಿಗಳನ್ನು ತೂಗುಬಿಟ್ಟುಕೊಂಡು, ಒಂದು ಬಾಯಲ್ಲಿರುವಾಗ ಇನ್ನೊಂದಕ್ಕೆ ಒದ್ದೆ ಬಟ್ಟೆಯ ತುಂಡು ಸುತ್ತಿರುತ್ತಿದ್ದರು. ಕಾದ ಲೋಹದ ಮೌತ್‌ಪೀಸು ತುಟಿಗೆ ತಾಗಿದಾಗ ಆಗುವ ಉರಿಯನ್ನು ಅನುಭವಿಸಿದವರೇ ಬಲ್ಲರು. ಬ್ಯಾಂಡಿನವರು ಮೆರವಣಿಗೆ ನಿಂತ ಕಡೆಯಲ್ಲೆಲ್ಲ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಿಲ್ಲುವುದು ಈ ಕಾರಣಕ್ಕೆ.

ಇಷ್ಟಾದರೂ ಎರಡು ವಾದ್ಯಗಳ ನಡುವೆ ಒಂದು ಸೇತುವೆಯಿತ್ತು, ಮತ್ತು ಅದನ್ನು ಕಂಡುಹಿಡಿದದ್ದು ಕಲಿಯುವವನಲ್ಲ, ಹಿತ್ತಾಳೆಯನ್ನು ಎಂದೂ ಬಾಯಿಗಿಟ್ಟುಕೊಳ್ಳದ ಮುತ್ಯಾ. ಇದನ್ನು ತಿಳಿಯಲು ಟ್ರಂಪೆಟ್ಟಿನ ಒಳಗುಟ್ಟನ್ನು ಸ್ವಲ್ಪ ವಿವರಿಸಬೇಕು. ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆಯನ್ನು ಸುತ್ತಿ ಮಾಡಿದ ಈ ವಾದ್ಯದಲ್ಲಿ, ಯಾವ ಗುಂಡಿಯನ್ನೂ ಒತ್ತದೆ ತುಟಿಯ ಬಿಗಿಯನ್ನು ಮಾತ್ರ ಹೆಚ್ಚಿಸುತ್ತ ಹೋದರೆ ಷಡ್ಜ, ಪಂಚಮ, ಮೇಲಿನ ಷಡ್ಜ, ಗಾಂಧಾರ, ಮತ್ತೆ ಪಂಚಮ ಎಂಬ ಕೆಲವೇ ಸ್ವರಗಳು ಸಿಗುತ್ತವೆ. ಇವು ಕೊಳವೆಯೊಳಗಿನ ಗಾಳಿ ಎರಡು, ಮೂರು, ನಾಲ್ಕು, ಐದು, ಆರು ಭಾಗಗಳಾಗಿ ಅದಿರುವುದರಿಂದ ಹುಟ್ಟುವ ಸಹಜ ಸ್ವರಗಳು. ಗುಂಡಿಗಳಿಲ್ಲದ ಸೈನ್ಯದ ಬ್ಯೂಗಲ್ಲಿನ ಕರೆಗಳೆಲ್ಲ ಈ ಐದಾರು ಸ್ವರಗಳಲ್ಲಿಯೇ ಮುಗಿಯುವುದಕ್ಕೆ ಇದೇ ಕಾರಣ. ಉಳಿದ ಸ್ವರಗಳು ಬಂದದ್ದು 1818ರಲ್ಲಿ ಬರ್ಲಿನ್ನಿನಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬವರು ಹಕ್ಕುಪತ್ರ ಪಡೆದ ವಾಲ್ವಿನಿಂದ, ಎಂದರೆ ಗುಂಡಿ ಒತ್ತಿದಾಗ ಗಾಳಿಯನ್ನು ಹೆಚ್ಚುವರಿ ಕೊಳವೆಯೊಂದರೊಳಗೆ ಸುತ್ತಿಸಿ ಸ್ವರವನ್ನು ಇಳಿಸುವ ಕವಾಟದಿಂದ. ಈಗಿನ ಟ್ರಂಪೆಟ್ಟಿನ ಮೂರು ವಾಲ್ವುಗಳಲ್ಲಿ ನಡುವಿನದು ಅರ್ಧ ಸ್ವರವನ್ನೂ, ಮೊದಲನೆಯದು ಒಂದು ಸ್ವರವನ್ನೂ, ಮೂರನೆಯದು ಒಂದೂವರೆ ಸ್ವರವನ್ನೂ ಇಳಿಸುತ್ತದೆ.

ಒಂದು ಮಧ್ಯಾಹ್ನ ಮನೆಯ ಹಿಂದಿನ ಬೇವಿನ ನೆರಳಿನಲ್ಲಿ ಈ ಲೇಖಕನು ಗುಂಡಿ ಮುಟ್ಟದೆ ಆ ಸಹಜ ಸ್ವರಗಳನ್ನು ಒಂದೊಂದಾಗಿ ಹಿಡಿಯುತ್ತಿದ್ದಾಗ, ಮುತ್ಯಾ ಒಳಗಿನಿಂದ ಎದ್ದು ಬಂದು ಗಾಂಧಾರವನ್ನು ಮತ್ತೆ ಊದೆಂದರು, ಮತ್ತೊಮ್ಮೆ ಎಂದರು, ಆಮೇಲೆ ಭಜನೆಯ ತಂಬೂರಿಯನ್ನು ತಂದು ಟ್ರಂಪೆಟ್ಟಿನ ಷಡ್ಜಕ್ಕೆ ಶ್ರುತಿ ಮಾಡಿ ಮೀಟಿದರು. ತಂಬೂರಿಯ ಷಡ್ಜದ ತಂತಿಯನ್ನು ಮೀಟಿ ಕಿವಿಗೊಟ್ಟರೆ ಯಾರೂ ನುಡಿಸದ ಗಾಂಧಾರವೊಂದು ಅದರೊಳಗಿಂದ ತಾನಾಗಿ ಕೇಳಿಬರುತ್ತದೆಂಬುದು ಹಾಡುವವರೆಲ್ಲ ಬಲ್ಲ ಸಂಗತಿ. ಅದು ತಂತಿ ಐದು ಭಾಗವಾಗಿ ಅದಿರುವುದರ ಫಲ. ಹಿತ್ತಾಳೆಯ ಕೊಳವೆಯ ಗಾಳಿ ಐದು ಭಾಗವಾಗಿ ಅದಿರುವಾಗ ಹುಟ್ಟುವ ಸ್ವರವೂ ಅದೇ ಆಗಿದ್ದು, ಹಾರ್ಮೋನಿಯಮ್ಮಿನ ಗಾಂಧಾರಕ್ಕಿಂತ ತುಸು ತಗ್ಗಿ, ಹಿಂದುಸ್ತಾನಿ ಗಾಯಕರು ಬಯಸುವ ಎಡೆಯಲ್ಲಿಯೇ ನಿಲ್ಲುತ್ತದೆ. ಸನಾದಿಯಲ್ಲಿ ಅರ್ಧ ಮುಚ್ಚಿದ ಬೆರಳಿನಿಂದಲೂ ತುಟಿಯ ಒತ್ತಿನಿಂದಲೂ ವರ್ಷಗಟ್ಟಲೆ ಹುಡುಕಿ ಪಡೆಯುವ ಆ ಸ್ವರ ಈ ಪರದೇಶದ ವಾದ್ಯದಲ್ಲಿ ಯಾವ ಗುಂಡಿಯೂ ಇಲ್ಲದೆ ಇದೆ ಎಂಬುದು ಮುತ್ಯಾನಿಗೆ ದೊಡ್ಡ ಸಂತೋಷ ಕೊಟ್ಟಿತು. ಅಂದಿನಿಂದ ಅವರು ಟ್ರಂಪೆಟ್ಟನ್ನು ಕಸುಬಿನ ವಾದ್ಯವೆಂದಲ್ಲದೆ ಕಲಿಯತಕ್ಕ ವಾದ್ಯವೆಂದು ಕಾಣತೊಡಗಿದರು, ಮತ್ತು ಅದರ ಪಾಠವನ್ನೂ ಸನಾದಿಯ ಕ್ರಮದಲ್ಲಿಯೇ, ಮೊದಲು ಹಾಡು ಆಮೇಲೆ ಊದು ಎಂಬ ನಿಯಮದಲ್ಲಿಯೇ ನಡೆಸಿದರು.

ಎರಡು ವಾದ್ಯಗಳು ಕರೆದೊಯ್ಯುತ್ತಿದ್ದ ಸ್ಥಳಗಳೂ ಬೇರೆಯಾಗಿದ್ದವು. ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ದತ್ತನ ಸನ್ನಿಧಿಗೆ ಹೋಗುವಾಗ ಕೈಯಲ್ಲಿ ಸನಾದಿ ಇರುತ್ತಿತ್ತು. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆನಿಂತ ಶರಣಬಸವೇಶ್ವರರ ಜಾತ್ರೆಯ ದಿನಗಳಲ್ಲಿ ಎರಡಕ್ಕೂ ಕೆಲಸವಿರುತ್ತಿತ್ತು. ಆಳಂದದ ಲಾಡ್ಲೆ ಮಶಾಕ್ ದರ್ಗಾದ ಉರುಸಿನ ಗದ್ದಲದಲ್ಲಿ ಟ್ರಂಪೆಟ್ಟಿನ ದನಿಯೇ ದೂರ ತಲುಪುತ್ತಿತ್ತು. ಬ್ಯಾಂಡಿನಲ್ಲಿ ಬೇರೆ ಬೇರೆ ಜಾತಿ ಧರ್ಮಗಳವರು ಒಂದೇ ಬಣ್ಣದ ಅಂಗಿ, ಒಂದೇ ಬಗೆಯ ಟೋಪಿ ತೊಟ್ಟು ಸಾಲಾಗಿ ನಡೆಯುತ್ತಿದ್ದುದರಿಂದ, ಸನಾದಿಯವನಾಗಿ ಅಂಗಳದ ಹೊರಗೆ ನಿಂತವನೇ ಟ್ರಂಪೆಟ್ ಹಿಡಿದು ವರನ ಕುದುರೆಯ ಮುಂದೆ ಊರ ನಡುವಿನ ಬೀದಿಯಲ್ಲಿ ಹೋಗುವುದು ಸಾಧ್ಯವಾಯಿತು. ಆ ಅಂಗಿ ಕೊಟ್ಟ ಧೈರ್ಯವನ್ನು ಅಲ್ಪವೆಂದು ಕಾಣುವುದು ಅನ್ಯಾಯವಾಗುತ್ತದೆ. ಹಿತ್ತಾಳೆ ಬಂದು ಸನಾದಿಯನ್ನು ಕೊಂದಿತೆಂಬ ದೂರು ಆಗಾಗ ಕೇಳಿಬರುತ್ತದೆ. ಈ ಮನೆಯ ಮಟ್ಟಿಗಂತೂ ಬ್ಯಾಂಡಿನ ಗಳಿಕೆಯೇ ಸನಾದಿಯ ಅಭ್ಯಾಸಕ್ಕೆ ಬಿಡುವನ್ನೂ ಪತ್ತಿಗೆ ಹಣವನ್ನೂ ಒದಗಿಸಿತು. ಈಚೆಗೆ ಡಿಜೆಯ ಧ್ವನಿವರ್ಧಕಗಳು ಮೆರವಣಿಗೆಗೆ ಬಂದ ಮೇಲೆ ಎರಡೂ ವಾದ್ಯಗಳವರು ಒಂದೇ ಕಷ್ಟಕ್ಕೆ ಸಿಕ್ಕಿದ್ದಾರೆ.

ಮುತ್ಯಾನ ಹಲ್ಲುಗಳು ಬಿದ್ದು ಪತ್ತಿಯನ್ನು ಹಿಡಿಯುವ ಶಕ್ತಿ ಹೋದ ಮೇಲೆ ಅವರು ಊದುವುದನ್ನು ಬಿಟ್ಟರೂ ಪಾಠವನ್ನು ಬಿಡಲಿಲ್ಲ. ಕೊನೆಯ ವರ್ಷಗಳ ಒಂದು ಬೆಳಿಗ್ಗೆ ಅವರು ಭೈರವಿ ರಾಗದ ಆರಂಭದ ಸಾಲೊಂದನ್ನು ಟ್ರಂಪೆಟ್ಟಿನಲ್ಲಿ ಊದಲು ಹೇಳಿದರು. ಭೈರವಿಯಲ್ಲಿ ಷಡ್ಜದ ಪಕ್ಕದಲ್ಲಿಯೇ ಕೋಮಲ ರಿಷಭ ಬರುತ್ತದೆ. ಕೆಳಗಿನ ಷಡ್ಜವನ್ನು ಗುಂಡಿಯಿಲ್ಲದ ಸ್ವರವಾಗಿ ಇಟ್ಟುಕೊಂಡರೆ, ಆ ರಿಷಭಕ್ಕೆ ಮೂರು ವಾಲ್ವುಗಳನ್ನೂ ಒಟ್ಟಿಗೆ ಒತ್ತಬೇಕಾಗುತ್ತದೆ. ಮೂರೂ ಸೇರಿದಾಗ ಕೂಡುವ ಕೊಳವೆಯ ಉದ್ದ ಬೇಕಾದುದಕ್ಕಿಂತ ಸ್ವಲ್ಪ ಕಡಿಮೆ ಬೀಳುವುದರಿಂದ ಇಡೀ ವಾದ್ಯದಲ್ಲಿ ಹೆಚ್ಚು ಏರಿ ನಿಲ್ಲುವ ಸ್ವರ ಅದೇ. ಭೈರವಿ ಬೇಡುವುದಾದರೋ ತಗ್ಗಿದ, ಷಡ್ಜಕ್ಕೆ ಒರಗಿದ ರಿಷಭವನ್ನು. ಮೊದಲ ಸಲ ಊದಿದಾಗ ಮುತ್ಯಾ ಕೈಯೆತ್ತಿ ತಡೆದು, ತಾವೇ ಆ ಸಾಲನ್ನು ನಡುಗುವ ದನಿಯಲ್ಲಿ ಹಾಡಿದರು. ಎರಡನೆಯ ಸಲ ಮೂರನೆಯ ವಾಲ್ವಿನ ಕೊಳವೆಯನ್ನು ಬೆರಳಿನಿಂದ ಹೊರದೂಡಿ ಸ್ವರವನ್ನು ತಗ್ಗಿಸಿದರೂ ಅವರು ಮತ್ತೆ ತಡೆದು, "ನೀ ಹಾಡು" ಎಂದರು. ವಾದ್ಯವನ್ನು ತೊಡೆಯ ಮೇಲಿಟ್ಟು ಹಾಡಿ, ಹಾಡಿದ ಬಾಯಿಯ ಆಕಾರ ಮಾಸುವ ಮೊದಲೇ ಮೌತ್‌ಪೀಸನ್ನು ತುಟಿಗೆ ತಂದು ಮೂರನೆಯ ಸಲ ಊದಿದಾಗ ಅವರು ಕೈಯೆತ್ತಲಿಲ್ಲ. ಕಣ್ಣು ಮುಚ್ಚಿಕೊಂಡೇ ಗಾಂಧಾರದ ಕಡೆಗೆ ಹೋಗುವ ಮುಂದಿನ ಸಾಲನ್ನು ಎತ್ತಿಕೊಂಡರು.